ಹದವಾಗಿ ಹುರಿದವರು

ಕಾಫಿ ಕೊಡದೆ ಕಳಿಸಿಬಿಟ್ಟರಲ್ಲ. ಶಿಫೆರಾ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಎಲ್ಲಿ ಗುಳ್ಳೆ ಏಳುತ್ತದೆಂದು ನೋಡುತ್ತ ಕೂತಿದ್ದ. ಗುಳ್ಳೆ ಎದ್ದರೂ ಅವನಿಗೆ ಕಾಣಲಿಲ್ಲ. ಕಣ್ಣ ಮುಂದೆ ಆ ಮುದುಕಿಯ ಕೈಯ ಬಾಣಲೆಯೇ ನಿಂತಿತ್ತು. ಕಾಫಿ ಬೀಜ ಚಟಪಟ ಅನ್ನುತ್ತಿತ್ತು, ಹೊಗೆ ಎದ್ದಿತ್ತು. ಇನ್ನೇನು ಅದನ್ನು ತಂದು ಬಂದವರ ಮೂಗಿನ ಮುಂದೆ ಒಂದು ಸುತ್ತು ಆಡಿಸಬೇಕು, ಬಂದವರು ಹೊಗೆಯನ್ನು ಕೈಯಿಂದ ಎಳೆದುಕೊಂಡು ಆಹಾ ಅನ್ನಬೇಕು, ಅಷ್ಟರಲ್ಲಿ ಮುದುಕಿ ಬಾಣಲೆ ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದಳು. ಹೋದವಳು ಬರಲೇ ಇಲ್ಲ. ಈ ಆಡಿಸ್ ಅಬಾಬದಲ್ಲಿ ಕೋರ್ಟಿಗೆ ಎಳೆದವನು ಮನೆಗೆ ಬಂದರೂ ಮೊದಲು ಕಾಫಿ ಕೊಟ್ಟು ಆಮೇಲೆ ಬೈಯುತ್ತಾರೆ. ಸಾವಿನ ಮನೆಯಲ್ಲಿ ಹೆಣ ಒಳಗಿರುವಾಗಲೇ ಕೊಡುತ್ತಾರೆ. ಅವನ ಆಯುಸ್ಸಿನಲ್ಲಿ ಯಾವ ಮನೆಯ ಹೊಸಿಲನ್ನೂ ಬಾಯಿ ಒಣಗಿಸಿಕೊಂಡು ದಾಟಿ ಬಂದದ್ದಿಲ್ಲ. ಬೀಜ ಸೀದುಹೋಯಿತೇನೋ, ಮುದುಕಿಗೆ ತಲೆ ಸುತ್ತಿತೇನೋ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಆದರೆ ಬೀಜ ಸೀದಿರಲಿಲ್ಲ. ಆ ವಾಸನೆ ಅವನಿಗೆ ಗೊತ್ತು.

ನಿನ್ನೆ ಸಂಜೆ ಹೋದವರು ಮೂವರು. ಶಿಫೆರಾ, ಅಬ್ಬಾ ಮೆರ್ಸಿಯೆ ಎಂಬ ಪಾದ್ರಿ, ಪಿಂಚಣಿಯ ಸಾರ್ಜೆಂಟ್ ಬೆಲೆಟೆ. ಹೆಣ್ಣು ಕೇಳಲು ಹೋದ ಹಿರಿಯರು ಕೂರುವಂತಿಲ್ಲ. ಬಾಗಿಲ ಒಳಗೆ ಸಾಲಾಗಿ ನಿಂತಿರಬೇಕು, ಮನೆಯವರು ಕೂರಿ ಕೂರಿ ಅನ್ನಬೇಕು, ಇವರು ನಮ್ಮ ಮಾತು ನಡೆಸಿಕೊಡಿ ಆಮೇಲೆ ಕೂರುತ್ತೇವೆ ಅನ್ನಬೇಕು. ಮೊದಲ ಸಲ ಯಾರೂ ಹೂಂ ಅನ್ನುವುದಿಲ್ಲ, ಅಂದರೆ ಹೆಣ್ಣಿಗೆ ಮರ್ಯಾದೆಯಲ್ಲ. ನೆಂಟರನ್ನು ವಿಚಾರಿಸಬೇಕು, ಇನ್ನೊಂದು ಸಲ ಬನ್ನಿ ಅನ್ನುತ್ತಾರೆ. ಅಷ್ಟು ಅಂದರೆ ಮದುವೆ ಆದಂತೆಯೇ. ಹುಡುಗಿಯ ಅಪ್ಪ ಅಂಜುಲೊ ಅದನ್ನು ಅನ್ನಲಿಲ್ಲ. "ಕೇಳಿಸ್ಕೊಂಡ್ವಿ. ಕತ್ತಲಾಗ್ತಿದೆ, ಹೊರಡಿ" ಅಂದ. ಅಂದು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಲಾಳಿ ಕೈಗೆ ತೆಗೆದುಕೊಂಡ. ಮೂರು ಜನ ದೊಡ್ಡವರು, ಅದರಲ್ಲೊಬ್ಬ ಶಿಲುಬೆ ಹಿಡಿದ ಪಾದ್ರಿ, ಲಾಳಿಯ ಸದ್ದು ಕೇಳುತ್ತ ಸ್ವಲ್ಪ ಹೊತ್ತು ನಿಂತು ಹೊರಗೆ ಬಂದಿದ್ದರು.

ಟ್ಯೂಬಿನ ತೂತು ಹುಡುಕುವ ಹಾಗೆ ತನ್ನ ಮಾತನ್ನು ಮೊದಲಿನಿಂದ ಒತ್ತಿ ಒತ್ತಿ ನೋಡಿದ. ಎಲ್ಲಿಯೂ ಗಾಳಿ ಹೋಗುವಂತಿರಲಿಲ್ಲ. ಶಿಫೆರಾನ ಮಾತು ಅಂದರೆ ಗುಲೆಲೆಯ ಈ ರಸ್ತೆಯಲ್ಲಿ ಸಣ್ಣದಲ್ಲ. ಪಂಕ್ಚರ್ ಹಾಕಿಸಲು ಬಂದವರು ಟೈರು ಸರಿಯಾದ ಮೇಲೂ ಅರ್ಧ ಗಂಟೆ ಕಲ್ಲಿನ ಮೇಲೆ ಕೂತಿರುತ್ತಾರೆ. ಸಿಂಹವೊಂದು ಎಂಟೋಟೊ ಗುಡ್ಡದಿಂದ ಇಳಿದು ಬಂದು ತನ್ನ ಲಾರಿಯ ಹಿಂದೆ ಹತ್ತಿ ಮಾರ್ಕೆಟ್ಟಿನವರೆಗೆ ಚಾರ್ಜ್ ಕೊಡದೆ ಬಂದದ್ದನ್ನು ಅವನು ಹೇಳುತ್ತಾನೆ. ಸಿಂಹ ಯಾವ ಸೀಟಿನಲ್ಲಿ ಕೂತಿತ್ತು ಎಂದು ಯಾರೋ ಒಬ್ಬ ಕೇಳಿಯೇ ಕೇಳುತ್ತಾನೆ. ತಮ್ಮ ಸತ್ತಾಗಿನಿಂದ ತಾನೇ ಸಾಕಿದ ಅವನ ಮಗ ಅಶೆನಾಫಿ, ಎಲೆಕ್ಟ್ರಿಕ್ ಕೆಲಸದವನು, ಶಿರೋ ಮೆಡಾದ ಬಟ್ಟೆಯಂಗಡಿಗೆ ವೈರು ಎಳೆಯಲು ಹೋಗಿ ಅಮರೆಚ್ ಎಂಬ ಹುಡುಗಿಗೆ ಮನಸ್ಸು ಕೊಟ್ಟು ಬಂದಾಗ, ಮನೆಯಲ್ಲಿ ಯಾರು ಹೋಗಿ ಕೇಳುವುದೆಂಬ ಪ್ರಶ್ನೆಯೇ ಏಳಲಿಲ್ಲ. ಹುಡುಗಿ ನೇಯ್ಗೆಯವರವಳು, ದಕ್ಷಿಣದ ದೊರ್ಜೆ ಗುಡ್ಡದವರು, ಇಲ್ಲಿಯವರು ತಮಗಿಂತ ಕೆಳಗೆಂದು ಎಣಿಸುವ ಜನ. ಆಗಲಿ ಎಂದಿದ್ದ ಶಿಫೆರಾ. ಯಾರೂ ಒತ್ತಾಯಿಸದೆ ತಾನಾಗಿ ಆಗಲಿ ಎಂದಿದ್ದ. ಬೇರೆ ದೊಡ್ಡಪ್ಪನಾಗಿದ್ದರೆ ಮನೆಯಲ್ಲಿ ಹಗ್ಗ ಹುಡುಕುತ್ತಿದ್ದ. ತನ್ನ ಈ ಒಳ್ಳೆಯತನ ಅವನಿಗೆ ಎಷ್ಟು ಹಿಡಿಸಿತ್ತೆಂದರೆ ಅದನ್ನು ನೋಡಲು ಅಂಜುಲೊನ ಮನೆಗೆ ಹೋಗುವ ಆತುರವೂ ಇತ್ತು.

ಹತ್ತು ಗಂಟೆಯ ಹೊತ್ತಿಗೆ ಸಾರ್ಜೆಂಟ್ ಬೆಲೆಟೆ ಕೋಲು ಕುಟ್ಟುತ್ತ ಬಂದು ಕಲ್ಲಿನ ಮೇಲೆ ಕೂತ. ಜೇಬಿನಿಂದ ಹುರಿದ ಬಾರ್ಲಿ ತೆಗೆದು ಶಿಫೆರಾನ ಅಂಗೈಗೆ ಸುರಿದ.

"ಏನ್ ಮಾರಾಯ, ಮುಖ ಪಂಕ್ಚರ್ ಆಗಿದೆ?"

"ಕಾಫಿ ಕೊಡ್ಲಿಲ್ಲ ಕಣೋ."

"ಕೊಬ್ಬು. ನೇಯ್ಗೆಯವರಿಗೆ ಈಗ ಕೊಬ್ಬು. ಫಾರಿನ್‌ನವರು ಬಂದು ಬಟ್ಟೆ ತಗೋತಾರಲ್ಲ, ನೆಲದ ಮೇಲೆ ನಿಲ್ತಿಲ್ಲ ಕಾಲು."

"ಅವನ ಕಾಲು ಗುಂಡೀಲಿತ್ತಪ್ಪ."

"ನಗ್ಬೇಡ. ನಮ್ಮಜ್ಜನ ಕಾಲದಲ್ಲಾಗಿದ್ರೆ ಅವನ ಮನೆಗೆ ನಾವು ಹೆಣ್ಣು ಕೇಳೋಕೆ ಹೋಗ್ತಿದ್ವಾ? ನೀನು ಬಾಯಿ ಬಿಟ್ಟು ಇನ್ನೇನ್ ಹೇಳ್ಬೇಕಿತ್ತು, 'ನಾಳೆಯಿಂದ ಅವಳೂ ಹಬೆಶಾನೇ' ಅಂದ್ಬಿಟ್ಟೆ. ನಂಗೇ ಕಣ್ಣಲ್ಲಿ ನೀರು ಬಂತು. ಅವರಿಗೆ ಬರ್ಲಿಲ್ಲ."

ಹಬೆಶ ಅಂದರೆ ಇಲ್ಲಿನ ಎತ್ತರದ ನಾಡಿನವರು ಹೆಮ್ಮೆಯಿಂದ ತಮಗೆ ತಾವೇ ಇಟ್ಟುಕೊಂಡ ಹೆಸರು. ಆ ಮಾತು ಹೊರಟ ಗಳಿಗೆ ಶಿಫೆರಾನಿಗೂ ನೆನಪಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೆ ಕೋಣೆ ತುಂಬ ಗಂಭೀರವಾಗಿತ್ತು. ಅಂಜುಲೊ ನೆಲ ನೋಡುತ್ತಿದ್ದ, ತಾಯಿಯಿಲ್ಲದ ಅಮರೆಚ್‌ಳನ್ನು ಸಾಕಿದ ಅಜ್ಜಿ ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬೀಜ ಆಡಿಸುತ್ತಿದ್ದಳು. ಗಂಭೀರವಾದ ಕೋಣೆಯನ್ನು ಕಂಡರೆ ಶಿಫೆರಾನ ನಾಲಿಗೆ ತುರಿಸುತ್ತದೆ. ಬಾಣಲೆ ಕಂಡದ್ದೇ ಕಥೆ ತಾನಾಗಿ ಬಂತು, ನಲವತ್ತು ವರ್ಷದಿಂದ ಹೇಳಿ ಹೇಳಿ ನುಣುಪಾದ ಕಥೆ. "ದೇವ್ರಿಗೆ ಒಂದಿನ ಮನುಷ್ಯನ್ನ ಮಾಡೋಣ ಅನ್ನಿಸ್ತು. ಬಾಣಲೆ ಇಟ್ಟ, ಬೀಜ ಹಾಕ್ದ. ಮೊದಲ್ನೇ ಸಲ ಆತುರ ನೋಡಿ, ಹಸಿಹಸೀಲೇ ಇಳಿಸ್ಬಿಟ್ಟ. ಅವೇ ಬಿಳಿಯರು. ಎರಡ್ನೇ ಸಲ ಸಂತ ಮಿಕಾಯೆಲ್ ಬಂದು ಮಾತಿಗೆ ಹಿಡ್ಕೊಂಡ, ಇತ್ಲಾಗೆ ಎಲ್ಲಾ ಸೀದು ಕರಕಲು. ಮೂರ್ನೇ ಸಲ ದೇವ್ರು ಬಾಗ್ಲು ಹಾಕ್ಕೊಂಡು ಕೂತ. ಮಿಕಾಯೆಲ್ ತಟ್ಟಿದ್ರೂ ತೆಗೀಲಿಲ್ಲ. ಬಣ್ಣ ನೋಡ್ದ, ಘಮ ನೋಡ್ದ, ಹದವಾಗಿ ಇಳಿಸ್ದ. ಅವೇ ನೋಡಿ ನಾವು, ಹಬೆಶ!" ಇಲ್ಲಿ ಎಲ್ಲರೂ ನಗಬೇಕು. ಬೆಲೆಟೆ ನಕ್ಕ. ಪಾದ್ರಿ ಗಡ್ಡದೊಳಗೆ ನಕ್ಕ. ಉಳಿದವರು ನಗಲಿಲ್ಲವೆಂದು ಶಿಫೆರಾ ಆತುರದಿಂದ ಮೇಲೊಂದು ಸಕ್ಕರೆ ಹಾಕಿದ: ನಮ್ಮಲ್ಲಿ ಮೇಲು ಕೀಳು ಇಲ್ಲ, ಹುಡುಗೀನ ಕೊಡಿ, ನಾಳೆಯಿಂದ ಅವಳೂ ಹಬೆಶಾನೇ. ಆಗಲೇ ಮುದುಕಿ ಎದ್ದದ್ದು.

ಬೆಲೆಟೆ ಹೋದ ಮೇಲೆ ಒಬ್ಬ ಟ್ಯಾಕ್ಸಿಯವನು ಬಂದ. ಶಿಫೆರಾ ಚಕ್ರ ಬಿಚ್ಚಿದ, ಮಾತಾಡಲಿಲ್ಲ. ಟ್ಯಾಕ್ಸಿಯವನು ಹುಷಾರಿಲ್ವಾ ಗಾಶೆ ಎಂದು, ಹಿರಿಯಣ್ಣನನ್ನು ಕರೆಯುವ ಹಾಗೆ, ಕೇಳಿದ. ಕೈಗೆ ಹತ್ತಿದ ಗ್ರೀಸನ್ನು ಹತ್ತಿಯ ಚಿಂದಿಯಿಂದ ಒರೆಸಿಕೊಳ್ಳುವಾಗ ಶಿಫೆರಾ ಮನಸ್ಸಿನಲ್ಲಿ ಮತ್ತೆ ಬೆನಾಸ್ಸಿ ಎಂಬ ಇಟಲಿಯವನ ಗ್ಯಾರೇಜಿನಲ್ಲಿದ್ದ, ಇಪ್ಪತ್ತರ ಹುಡುಗ, ಮೈತುಂಬ ಎಣ್ಣೆ. ಇಟಲಿಯವರು ಸೋತು ಹೋದ ಮೇಲೂ ಬೆನಾಸ್ಸಿ ಹೋಗಿರಲಿಲ್ಲ, ಗ್ಯಾರೇಜು ನಡೆಸುತ್ತಿದ್ದ, ಒಳ್ಳೆಯ ಮೆಕ್ಯಾನಿಕ್, ಹೊಡೆಯುತ್ತಿರಲಿಲ್ಲ. ಹೆಸರು ಮಾತ್ರ ಕರೆಯುತ್ತಿರಲಿಲ್ಲ. ಅಬಿಸ್ಸೀನೋ ಇಲ್ಲಿ ಬಾ, ಅಬಿಸ್ಸೀನೋ ಸ್ಪ್ಯಾನರ್ ತಾ. ಹಳೇ ನಕಾಶೆಗಳಲ್ಲಿ ಈ ದೇಶಕ್ಕಿದ್ದ ಹೆಸರು ಅದು, ನಮ್ಮ ಹಬೆಶವೇ ಅವನ ಬಾಯಲ್ಲಿ ಹಾಗೆ ಬರುತ್ತದೆ ಎಂದು ಹಿರಿಯ ಕೆಲಸಗಾರ ಹೇಳಿದ್ದ. ಹಾಗಾದರೆ ಬೈಗುಳವೇ ಹೊಗಳಿಕೆಯೇ ಎಂದು ಶಿಫೆರಾ ಕೇಳಿದ್ದಕ್ಕೆ ಸಂಬಳದ ದಿನ ನೋಡು ಗೊತ್ತಾಗುತ್ತೆ ಅಂದಿದ್ದ. ಬೆನಾಸ್ಸಿಯ ಹೆಂಡತಿ ಯುರೋಪಿನಿಂದ ಒಂದು ಬೆಕ್ಕು ತರಿಸಿದಳು. ಕಂದು ಬಣ್ಣದ್ದು, ಕಿವಿ ದೊಡ್ಡದು, ಈ ನೆಲವನ್ನು ಹುಟ್ಟಿದಾಗಿನಿಂದ ಮೆಟ್ಟಿದ್ದಲ್ಲ. ಅದರ ಜಾತಿಯ ಹೆಸರೂ ಅಬಿಸೀನಿಯವಂತೆ. ಬೆನಾಸ್ಸಿ ಗಿರಾಕಿಗಳಿಗೆ ತೋರಿಸುತ್ತಿದ್ದ: ನನ್ನ ಹತ್ತಿರ ಎರಡು ಅಬಿಸ್ಸೀನೋ ಇದ್ದಾವೆ, ಒಂದು ಇಲಿ ಹಿಡಿಯುತ್ತೆ, ಒಂದು ಸ್ಪ್ಯಾನರ್ ಕದಿಯುತ್ತೆ. ಗಿರಾಕಿಗಳು ನಗುತ್ತಿದ್ದರು. ಶಿಫೆರಾನೂ ನಗುತ್ತಿದ್ದ, ಬೇರೆಯವರಿಗಿಂತ ಒಂದು ಕೈ ಜಾಸ್ತಿಯೇ. ನಗುವವನ ಮೇಲೆ ನಗು ಬೀಳುವುದಿಲ್ಲ ಎಂದು ಅವನು ಕಂಡುಕೊಂಡದ್ದು ಅಲ್ಲಿ. ಕಾಫಿ ಹುರಿದ ಕಥೆ ಕಟ್ಟಿದ್ದೂ ಅಲ್ಲೇ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಬೆನಾಸ್ಸಿಗೆ ತಿಳಿಯದ ಹಾಗೆ ಅಮ್ಹಾರಿಕ್‌ನಲ್ಲಿ. ಬಿಳಿಯರನ್ನು ಹಸಿಯಾಗಿ ಇಳಿಸಿದ್ದು ಅದಕ್ಕೇ.

ಚಿಂದಿ ಹತ್ತಿ ಮಾರಲು ಒಬ್ಬ ನೇಯ್ಗೆಯವನು ಬರುತ್ತಿದ್ದ. ಅವನ ಹೆಸರು ಗೊತ್ತಿಲ್ಲ. ಒಂದು ದಿನ ಬೆನಾಸ್ಸಿ ಅವನನ್ನೂ ಕರೆದ: ಏ ಅಬಿಸ್ಸೀನೋ, ಮೂಟೆ ಅಲ್ಲಿಡು. ಲಾರಿಯ ಕೆಳಗಿದ್ದ ಶಿಫೆರಾ ತಲೆ ಹೊರಗೆ ಹಾಕಿ, ಯಾರೂ ಕೇಳದಿದ್ದರೂ, "ಅವನಲ್ಲ ಸಿಞೋರೆ. ನಾವು ಮಾತ್ರ ಅಬಿಸ್ಸೀನೋ. ಅವನು ನೇಯ್ಗೆಯವನು" ಎಂದು ತಿದ್ದಿದ್ದ. ಬೆನಾಸ್ಸಿಗೆ ತಮಾಷೆ ಅನ್ನಿಸಿ ಹೊಟ್ಟೆ ಹಿಡಿದು ನಕ್ಕ. ನೇಯ್ಗೆಯವನು ಮೂಟೆ ಇಟ್ಟು ಹೋದ. ಬೆಕ್ಕಿಗೂ ಕೊಟ್ಟ ಹೆಸರು ಅದು, ಬೈಗುಳ. ಆದರೆ ಆ ಬೈಗುಳವನ್ನೂ ಹಂಚಿಕೊಳ್ಳಲು ಶಿಫೆರಾನಿಗೆ ಮನಸ್ಸಾಗಿರಲಿಲ್ಲ. ಇದು ಇವತ್ತು ಯಾಕೆ ನೆನಪಾಗಬೇಕು ಎಂದು ಚಕ್ರದ ನಟ್ಟನ್ನು ಬೇಕಿದ್ದಕ್ಕಿಂತ ಬಿಗಿ ಮಾಡಿದ.

ಮಧ್ಯಾಹ್ನ ಹೆಂಡತಿ ಯೆಶಿ ಊಟ ತಂದಳು, ಹುಳಿದೋಸೆಯಂಥ ಇಂಜೆರಾ, ಮೇಲೆ ಕಡಲೆಹಿಟ್ಟಿನ ಸಾರು. ಚರ್ಚಿನಿಂದ ನೇರ ಬಂದಿದ್ದಳು, ಮೈಮೇಲೆ ಅಂಚಿನ ಬಿಳಿ ಉಡುಗೆ. ಊರಲ್ಲೆಲ್ಲ ಅದಕ್ಕೆ ಹಬೆಶ ಉಡುಗೆ ಅನ್ನುತ್ತಾರೆ. ಶಿರೋ ಮೆಡಾದ ಗುಂಡಿಗಳಲ್ಲಿ ನೇಯ್ದದ್ದು. ಶಿಫೆರಾ ಅದರ ಅಂಚನ್ನೇ ನೋಡುತ್ತಿದ್ದ.

"ಏನ್ರೀ ನೋಡ್ತೀರಾ? ಮದುವೆ ಆಗಿ ಮೂವತ್ತು ವರ್ಷ ಆದ್ಮೇಲೆ?"

"ಏನಿಲ್ಲ."

"ಆ ಮನೇಲಿ ಕಾಫಿ ಹುರಿಯೋ ಕತೆ ಹೇಳಿದ್ರಾ?"

"ಹೇಳ್ದೆ. ಎಲ್ರೂ ನಗ್ತಾರೆ ಅದಕ್ಕೆ."

"ನಮ್ಮನೇಲಿ ನಗ್ತಾರೆ" ಎಂದಳು ಯೆಶಿ, ತುತ್ತು ಮಾಡಿ ಅವನ ಬಾಯಿಗಿಟ್ಟಳು. ಬಾಯಿ ತುಂಬಿದ್ದರಿಂದ ಅವನು ಉತ್ತರ ಕೊಡುವಂತಿರಲಿಲ್ಲ. ಬೇಕೆಂದೇ ದೊಡ್ಡ ತುತ್ತು ಮಾಡಿದ್ದಳು. "ಹಿರುತ್ ಭಾನುವಾರ ಫೋನ್ ಮಾಡ್ತಾಳಂತೆ. ಅವಳ ಹತ್ರಾನಾದ್ರೂ ಕತೆ ಹೇಳ್ಬೇಡಿ, ಅವಳ ಮಾತು ಕೇಳಿ."

ಮಗಳು ಹಿರುತ್ ಜೆದ್ದಾದಲ್ಲಿ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಹೋದ ಹೊಸದರಲ್ಲಿ ಒಮ್ಮೆ ಪಕ್ಕದಂಗಡಿಯ ಫೋನಿಗೆ ಮಾಡಿದ್ದಳು. ಸುತ್ತ ನಾಲ್ಕು ಜನ ನಿಂತಿದ್ದರು. ಶಿಫೆರಾ ರಿಸೀವರನ್ನು ಕಿವಿಗಿಂತ ಸ್ವಲ್ಪ ದೂರ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಮಾತಾಡುತ್ತಿದ್ದ. "ಅಪ್ಪಾ, ಇಲ್ಲಿ ಯಾರೂ ನನ್ನ ಹೆಸ್ರು ಕರೆಯಲ್ಲ. 'ಏ ಹಬಶೀಯಾ' ಅಂತಾರೆ. ಮಕ್ಕಳೂ ಹಂಗೇ ಅಂತಾವೆ." ಅವನು ಜೋರಾಗಿ, "ಸರಿಯಾಗೇ ಕರೀತಾರಲ್ಲೇ! ಹಬೆಶಾನೇ ಅಲ್ವಾ ನೀನು? ತಲೆ ಎತ್ಕೊಂಡು ಓ ಅನ್ನು" ಅಂದಿದ್ದ. ಅಂಗಡಿಯವರು ನಕ್ಕರು. ಆ ಕಡೆ ಯಾವುದೋ ಮಗು ಅಳುತ್ತಿತ್ತು, ನೀರು ಸುರಿಯುವ ಸದ್ದಿತ್ತು. ಸರಿ ಅಪ್ಪ, ಅಂದಳು. ಆಮೇಲೆ ಹವಾಮಾನ ಮಾತಾಡಿದಳು, ಇಲ್ಲಿ ಸೆಖೆ, ಅಲ್ಲಿ ಮಳೆಯಾ. ಆಮೇಲಿನ ಫೋನುಗಳಲ್ಲೂ ಅಷ್ಟೇ, ಸೆಖೆ, ಮಳೆ. ಯೆಶಿ ತೆಗೆದುಕೊಂಡ ದಿನ ಮಾತ್ರ ಅರ್ಧ ಗಂಟೆ ಆಗುತ್ತಿತ್ತು.

ಅಶೆನಾಫಿ ಬಂದಾಗ ಬಿಸಿಲು ಇನ್ನೂ ಇತ್ತು. ಭುಜದ ಮೇಲೆ ವೈರಿನ ಸುರುಳಿ. ದೊಡ್ಡಪ್ಪನ ಮುಖ ನೋಡದೆ ಪಂಪಿನ ಹತ್ತಿರ ನಿಂತ.

"ಊಟ ಆಯ್ತೇನೋ?"

"ದೊಡ್ಡಪ್ಪಾ, ಒಂದು ಕೇಳ್ತೀನಿ. ನಿಮ್ಮ ಬಾಣಲೇಲಿ ಮೊದಲ್ನೇದು ಬಿಳಿಯರು, ಮೂರ್ನೇದು ನೀವು. ಅಮರೆಚ್ ಅಜ್ಜಿನ ಎಲ್ಲಿ ಹಾಕಿದ್ರಿ?"

"ಅಯ್ಯೋ, ಅದು ಕತೆ ಕಣೋ! ನಾನ್ ಅವರನ್ನ..."

"ಸೀದುಹೋದವರು ಯಾರು ಅಂತ ಅಲ್ಲಿದ್ದೋರೆಲ್ಲ ಲೆಕ್ಕ ಹಾಕಿದ್ರು. ಅಜ್ಜಿಗೆ ಅಮ್ಹಾರಿಕ್ ಬರಲ್ಲ ಅನ್ಕೊಂಡ್ರಾ? ಮಾತಾಡಲ್ಲ, ಅಷ್ಟೇ. ಅವಳಿಗೆ ಹಬೆಶ ಅಂದ್ರೆ ಯಾರು ಗೊತ್ತಾ? ಬಂದೂಕು ಹಿಡ್ಕೊಂಡು ಅವರ ಗುಡ್ಡಕ್ಕೆ ಬಂದು ಹೊಲದ ಮಧ್ಯ ಮನೆ ಕಟ್ಕೊಂಡು ಕೂತವರು. ಅವಳಪ್ಪ ಅವರ ಮನೆಗೆ ಸೌದೆ ಹೊತ್ತು ಹೊತ್ತು ಸತ್ತ. ಅಂಥ ಹೆಣ್ಣಿಗೆ ನೀವು ಹೇಳಿದ್ದು, ಮೊಮ್ಮಗಳನ್ನ ಕೊಡು, ನಾಳೆಯಿಂದ ಅವಳೂ ಹಬೆಶ ಆಗ್ತಾಳೆ ಅಂತ."

"ಒಳ್ಳೇದಕ್ಕೇ ಅಂದೆನಪ್ಪ."

"ಅದೇ ತಾನೆ. ಬೈದಿದ್ರೆ ಅವರೂ ಬೈತಿದ್ರು, ಸರಿಹೋಗ್ತಿತ್ತು." ಹುಡುಗ ವೈರಿನ ಸುರುಳಿಯನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡ. ದನಿ ಇಳಿಯಿತು. "ಅಂಜುಲೊ ಹೇಳಿದ್ದಾರಂತೆ, ಆ ಮನೆಗೆ ಕೊಡಲ್ಲ ಅಂತ. ಅಮರೆಚ್ ಇವತ್ತು ಅಂಗಡಿಗೆ ಬಂದಿಲ್ಲ. ಅವಳನ್ನ ಅವರೂರಿಗೆ ಕಳಿಸ್ತಾರಂತೆ. ನೀವಿನ್ನು ಅಲ್ಲಿಗೆ ಹೋಗ್ಬೇಡಿ ದೊಡ್ಡಪ್ಪ. ಕೈ ಮುಗೀತೀನಿ."

ಹುಡುಗ ಹೋದ ಮೇಲೆ ಶಿಫೆರಾನಿಗೆ ಮೊದಲು ಬಂದದ್ದು ಸಿಟ್ಟು. ಸಾಕಿದ್ದು ಇದಕ್ಕೇ. ಆಮೇಲೆ ಬಂದದ್ದು, ನಾಚಿಕೆಯೆನ್ನುವುದಕ್ಕಿಂತ ಒಂದು ಬಗೆಯ ಗಲಿಬಿಲಿ. ಒಂದೇ ಮಾತು. ಬೆನಾಸ್ಸಿಯ ಬಾಯಿಂದ ಬಂದಾಗ ಅದರೊಳಗೆ ತಾನಿದ್ದ, ಚಿಂದಿ ಮಾರುವವನಿದ್ದ, ಬೆಕ್ಕೂ ಇತ್ತು. ತನ್ನ ಬಾಯಿಂದ ಬಂದಾಗ ಚಿಂದಿಯವನನ್ನು ಹೊರಗೆ ನಿಲ್ಲಿಸಿತು. ಜೆದ್ದಾದ ಆ ಮನೆಯೊಡತಿಯ ಬಾಯಲ್ಲಿ ಅದರ ಅರ್ಥ ನೆಲ ಒರೆಸುವವಳು. ಈಗಿನ ಹುಡುಗರು ಬೀದಿಯಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಹಬೆಶ ಹಬೆಶ ಅನ್ನುತ್ತಾರೆ, ಅವರಿಗೆ ಅದು ಹಾಡಿನ ಹಾಗೆ. ಮುದುಕಿಗೆ ಬಂದೂಕು. ಆ ಮಾತಿಗೆ ಇಷ್ಟು ಬಾಗಿಲಿರುವುದು ತಾನು ಒಂದೇ ಬಾಗಿಲಲ್ಲಿ ಓಡಾಡಿಕೊಂಡಿದ್ದರಿಂದ ಕಾಣಲಿಲ್ಲ ಅನ್ನಿಸಿತು. ಅನ್ನಿಸಿದ್ದು ಅಲ್ಲಿಗೆ ನಿಂತಿತು. ಶಿಫೆರಾ ಹೆಚ್ಚು ಹೊತ್ತು ಯೋಚಿಸುವ ಮನುಷ್ಯನಲ್ಲ. ಯೋಚಿಸಿದರೆ ತಲೆ ಬಿಸಿಯಾಗುತ್ತದೆ, ಬಿಸಿಯಾದರೆ ಯಾವುದಾದರೂ ಕಥೆ ಬರುತ್ತದೆ, ಇವತ್ತು ಕಥೆ ಬರಲಿಲ್ಲ. ಎದ್ದು ಅಂಗಡಿಯ ಹಿಂದೆ ಹೋಗಿ ಲಾರಿಗಳ ಚಕ್ರಕ್ಕೆ ಅಡ್ಡ ಇಡುವ ಕಲ್ಲುಗಳನ್ನು ನೋಡಿದ. ಸಣ್ಣದೊಂದನ್ನು ಎತ್ತಿದ, ಇದು ತೀರಾ ನಾಟಕ ಆಯಿತು ಎಂದು ಕೆಳಗಿಟ್ಟು ದೊಡ್ಡದನ್ನು ಎತ್ತಿದ, ಸೊಂಟ ಹಿಡಿಯಿತು, ಮಧ್ಯದ್ದನ್ನು ಆರಿಸಿಕೊಂಡ.

ಕತ್ತಿನ ಮೇಲೆ ಕಲ್ಲು ಹೊತ್ತು ಹೋಗಿ ಕಾಲಿಗೆ ಬೀಳುವುದು ಹಳೇ ಪದ್ಧತಿ. ಕೊಲೆ ಮಾಡಿದವನ ಕುಲದವರು ಹಾಗೆ ಹೋಗುತ್ತಿದ್ದರು, ಹೆಂಡತಿಯನ್ನು ಹೊಡೆದವನು ಮಾವನ ಮನೆಗೆ ಹಾಗೆ ಹೋಗುತ್ತಿದ್ದ. ನೊಂದವರು ತಾವೇ ಕೈಯಾರೆ ಕಲ್ಲು ಇಳಿಸಬೇಕು, ಅಲ್ಲಿಯವರೆಗೆ ಬಾಗಿಯೇ ಇರಬೇಕು. ದಾರಿಯಲ್ಲಿ ಸಾರ್ಜೆಂಟ್ ಬೆಲೆಟೆ ಎದುರಾದ.

"ಏನಿದು ವೇಷ?"

"ಅಂಜುಲೊ ಮನೆಗೆ."

"ನೇಯ್ಗೆಯವನಿಗೆ ಕಲ್ಲು ಹೊರ್ತೀಯಾ? ನಿನ್ನಪ್ಪ ಎದ್ದು ಬರ್ತಾನೆ ಕಣೋ ಗೋರಿಯಿಂದ!"

"ಬಂದ್ರೆ ಒಂದು ಕೈ ಹಿಡೀಲಿ. ಭಾರ ಇದೆ."

ಶಿರೋ ಮೆಡಾದ ಏರು ಸಣ್ಣದಲ್ಲ. ಅರ್ಧ ದಾರಿ ಮಿನಿಬಸ್ಸಿನಲ್ಲಿ ಹೋಗಿ ಅಲ್ಲಿಂದ ಹೊತ್ತರಾಯಿತು ಎಂದು ಕಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿದ. ಕಂಡಕ್ಟರು ಕಲ್ಲಿಗೂ ಸೀಟು ಬೇಕಾ ಗಾಶೆ ಅಂದ. ಪಕ್ಕದ ಹೆಂಗಸು ಸೆರಗು ಬಾಯಿಗಿಟ್ಟು, "ಯಾರಿಗೆ ಏನ್ ಮಾಡಿದ್ರಿ? ಹೆಂಡ್ತಿಗಾ?" ಎಂದು ಕೇಳಿದಳು. ಬೇರೆ ದಿನವಾಗಿದ್ದರೆ ಈ ಕಲ್ಲಿನ ಮೇಲೆ ಒಂದು ಕಥೆ ಕಟ್ಟಿ ಬಸ್ಸಿಗೆ ಬಸ್ಸೇ ನಗುವ ಹಾಗೆ ಮಾಡುತ್ತಿದ್ದ. "ಬಾಯಿ ಮಾಡಿದ್ದು" ಅಂದ, ಅಷ್ಟೇ. ಇಳಿದು ಕಲ್ಲನ್ನು ಕತ್ತಿನ ಮೇಲೇರಿಸಿದಾಗ ರಸ್ತೆಯ ಎರಡೂ ಕಡೆ ಅಂಗಡಿಗಳ ಮುಂದೆ ಬಿಳಿ ಉಡುಗೆಗಳು ನೇತಾಡುತ್ತಿದ್ದವು. ತಲೆ ಬಾಗಿದ್ದರಿಂದ ಅವನಿಗೆ ಅವುಗಳ ಅಂಚು ಮಾತ್ರ ಕಾಣುತ್ತಿತ್ತು, ಮತ್ತು ಜನರ ಕಾಲು. ಕಾಲುಗಳು ನಿಲ್ಲುತ್ತಿದ್ದವು, ತಿರುಗುತ್ತಿದ್ದವು, ದಾರಿ ಬಿಡುತ್ತಿದ್ದವು. ಕಲ್ಲು ಹೊತ್ತವನನ್ನು ಯಾರೂ ಮಾತಾಡಿಸುವುದಿಲ್ಲ. ಆದರೂ ಹಿಂದಿನಿಂದ ಒಬ್ಬ, ಇವನೇ ಸಿಂಹಕ್ಕೆ ಲಾರಿ ಹತ್ತಿಸಿದವನು, ಅಂದದ್ದು ಕೇಳಿಸಿತು.

ಅಂಜುಲೊ ಗುಂಡಿಯಲ್ಲಿ ಕಾಲಿಟ್ಟು ನೇಯುತ್ತಿದ್ದ. ಗುಂಡಿಯಲ್ಲಿ ಕೂತವನ ತಲೆ ನಿಂತವನ ಸೊಂಟದ ಮಟ್ಟಕ್ಕೆ ಬರುತ್ತದೆ. ಅವನಿಗಿಂತ ತಗ್ಗಬೇಕೆಂದರೆ ನೆಲಕ್ಕೆ ಮುಖ ಹಚ್ಚಬೇಕು. ಶಿಫೆರಾ ಮೊಣಕಾಲೂರಿ, ಮೊಣಕೈಯೂರಿ, ಕಲ್ಲು ಉರುಳದ ಹಾಗೆ ಕತ್ತು ಚಾಚಿದ. ಲಾಳಿ ಅತ್ತಿಂದಿತ್ತ ಎರಡು ಸಲ ಹೋಗಿ ನಿಂತಿತು.

"ಅಂಜುಲೊ, ನಾನು ನಿನ್ನೆ..."

"ಕಲ್ಲು ಹೊತ್ತವರು ಮಾತಾಡಲ್ಲ" ಎಂದ ಅಂಜುಲೊ. "ನಮ್ಮಲ್ಲಿ ಹಂಗೆ. ನಿಮ್ಮಲ್ಲಿ ಹೆಂಗೋ ಗೊತ್ತಿಲ್ಲ."

ಶಿಫೆರಾ ಬಾಯಿ ಮುಚ್ಚಿದ. ನೆಲದಲ್ಲಿ ದಾರದ ತುಣುಕುಗಳಿದ್ದವು, ಒಂದು ಇರುವೆ ಅದರಲ್ಲೊಂದನ್ನು ಎಳೆಯುತ್ತಿತ್ತು.

"ನಾನು ಇಳಿಸೋ ಹಂಗಿಲ್ಲ. ಅಮ್ಮನಿಗೆ ಹೇಳಿದ್ದು ನೀವು. ಅವಳು ನೂಲು ತರೋಕೆ ಹೋಗಿದ್ದಾಳೆ. ಬರ್ಲಿ."

ಲಾಳಿ ಮತ್ತೆ ಓಡತೊಡಗಿತು. ಎಷ್ಟು ಹೊತ್ತೆಂದು ಶಿಫೆರಾನಿಗೆ ತಿಳಿಯಲಿಲ್ಲ. ಕತ್ತಿನಿಂದ ನೋವು ಭುಜಕ್ಕೆ ಇಳಿಯಿತು, ಭುಜದಿಂದ ಬೆನ್ನಿಗೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿ ದಾರದ ತುಣುಕು ಒದ್ದೆಯಾಯಿತು. ಮನಸ್ಸಿನೊಳಗೆ ಅವನು ಹೇಳಬೇಕಾದ ಮಾತುಗಳು ಒಂದರ ಮೇಲೊಂದು ಬಂದು ಬಾಯಿಯ ಹತ್ತಿರ ನೂಕಾಡಿದವು. ನನಗೆ ಮಗಳಿದ್ದಾಳೆ, ಅವಳನ್ನು ಅಲ್ಲಿ, ಎಂದು ಶುರುವಾಗುವ ಒಂದು ಬಲು ಒಳ್ಳೆಯ ಮಾತಿತ್ತು. ಅದನ್ನು ಹೇಳಿದರೆ ಅಂಜುಲೊ ಕರಗಿಬಿಡುತ್ತಾನೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೂ ಆಗಲೇ ಸಿದ್ಧವಾಗಿತ್ತು. ಅದು ಅಷ್ಟು ಬೇಗ ಸಿದ್ಧವಾದದ್ದು ಕಂಡು ಅವನಿಗೇ ಹೇಸಿಗೆಯಾಯಿತು. ಹಿರುತ್‌ಳನ್ನು ಇಲ್ಲಿಗೆ ತರಬಾರದು ಅನ್ನಿಸಿತು. ಹಲ್ಲು ಕಚ್ಚಿಕೊಂಡ.

ಒಳಗೆ ಬಂದ ಕಾಲು ಬರಿಗಾಲು, ಒಡೆದ ಹಿಮ್ಮಡಿ. ಜೊತೆಗೆ ಇನ್ನೊಂದು ಜೊತೆ ಎಳೇ ಕಾಲು, ಅಮರೆಚ್ ಇರಬೇಕು. ಮುದುಕಿ ತನ್ನ ನುಡಿಯಲ್ಲಿ ಏನೋ ಕೇಳಿದಳು, ಮಗ ಚಿಕ್ಕದಾಗಿ ಉತ್ತರಿಸಿದ. ಮುದುಕಿ ಕುಕ್ಕರಗಾಲಲ್ಲಿ ಕೂತು ಕಲ್ಲನ್ನು ಮುಟ್ಟಿ, ಅದರ ಭಾರ ನೋಡುವವಳ ಹಾಗೆ ಸ್ವಲ್ಪ ಅಲುಗಿಸಿದಳು. ಮತ್ತೆ ಏನೋ ಅಂದಳು. ಅಮರೆಚ್ ಕಿಸಕ್ಕನೆ ನಕ್ಕು ತಡೆದುಕೊಂಡಳು.

"ಏನಂದ್ರು?" ಎಂದು ಕೇಳಿಬಿಟ್ಟ ಶಿಫೆರಾ, ತಡೆಯಲಾಗದೆ.

"ಕಲ್ಲು ಮೋಸ ಇಲ್ಲ ಅಂದಳು" ಎಂದ ಅಂಜುಲೊ. "ಟೊಳ್ಳು ಕಲ್ಲು ತಂದಿರ್ತಾರೆ ಅನ್ಕೊಂಡಿದ್ಲು."

ಮುದುಕಿ, ಮೊಮ್ಮಗಳು ಇಬ್ಬರೂ ಸೇರಿ ಕಲ್ಲನ್ನು ಎತ್ತಿ ಕೆಳಗಿಟ್ಟರು. ಶಿಫೆರಾನಿಗೆ ತಕ್ಷಣ ಕತ್ತು ಎತ್ತಲಾಗಲಿಲ್ಲ. ಎತ್ತಿದಾಗ ಮುದುಕಿಯ ಮುಖ ಹತ್ತಿರದಲ್ಲೇ ಇತ್ತು. ಅವಳು ಅಮ್ಹಾರಿಕ್‌ನಲ್ಲಿ, ನಿಧಾನವಾಗಿ, ಒಂದೊಂದೇ ಮಾತು ಆರಿಸಿ ಇಡುತ್ತ ಹೇಳಿದಳು. "ಹುಡುಗನ ಮೂಳೆ ಯಾರದ್ದು ಅಂತ ನೀನು ಹೇಳ್ದೆ ನಿನ್ನೆ. ಏಳು ತಲೆ ಹೇಳ್ದೆ. ಚೆನ್ನಾಗಿ ಹೇಳ್ದೆ. ನಮ್ಮ ಹುಡುಗಿ ಮೂಳೆ ಯಾರದ್ದು ಅಂತ ನೀನು ಕೇಳ್ಲಿಲ್ಲ."

ಅದು ನಿಜ. ಗಂಡಿನ ಕಡೆಯವರು ತಮ್ಮ ಮೂಳೆ, ಅಂದರೆ ವಂಶ, ಯಾರದ್ದೆಂದು ಹೇಳಿ ಹೆಣ್ಣಿನದನ್ನು ಕೇಳಬೇಕು, ಏಳು ತಲೆಮಾರಿನಲ್ಲಿ ರಕ್ತ ಕೂಡಿಲ್ಲವೆಂದು ನೋಡಿಕೊಳ್ಳಬೇಕು. ಎಲ್ಲ ಮನೆಯಲ್ಲೂ ಕೇಳುತ್ತಾರೆ. ನೇಯ್ಗೆಯವರ ಮನೆಯಲ್ಲಿ ಕೂಡಿರಲು ಸಾಧ್ಯವೇ ಇಲ್ಲವೆಂದು ಮೂವರಿಗೂ ಎಷ್ಟು ಗಟ್ಟಿಯಾಗಿ ಗೊತ್ತಿತ್ತೆಂದರೆ, ಕೇಳುವುದು ಬಿಟ್ಟುಹೋದದ್ದೂ ಗೊತ್ತಾಗಿರಲಿಲ್ಲ. ಪಾದ್ರಿಗೂ ಹೊಳೆದಿರಲಿಲ್ಲ. ಶಿಫೆರಾ ಬಾಯಿ ತೆರೆದ. ಅಂಜುಲೊ ಕೈ ಎತ್ತಿದ.

"ಭಾನುವಾರ ಮೂರೂ ಜನ ಬನ್ನಿ. ಕೇಳೋದು ಪಾದ್ರಿ ಕೇಳ್ಲಿ. ಹೇಳೋದು ನಮ್ಮಮ್ಮ ಹೇಳ್ತಾಳೆ, ನಮ್ಮ ನುಡೀಲಿ. ನೀವು ಮುಂದೆ ನಿಂತು ಕೇಳಿಸ್ಕೋಬೇಕು. ಮಾತಾಡೋ ಹಂಗಿಲ್ಲ. ಕತೆ ಇಲ್ಲ, ತಮಾಷೆ ಇಲ್ಲ, ಒಂದು ಹೂಂ ಕೂಡ ಇಲ್ಲ. ನೀವು ಕೊನೇವರೆಗೂ ಸುಮ್ನಿದ್ರೆ ಹುಡುಗೀನ ಕೊಡ್ತೀವಿ. ಇರಲಾಗದಿದ್ರೆ ಅವಳು ಊರಿಗೆ ಹೋಗ್ತಾಳೆ."

ಶಿಫೆರಾ ಹೂಂ ಅನ್ನಬೇಕೆಂದಿದ್ದವನು ತಲೆಯಾಡಿಸಿದ.

ಮನೆಯಲ್ಲಿ ಯೆಶಿ ಅವನ ಕತ್ತಿಗೆ ಬಿಸಿ ಎಣ್ಣೆ ಹಚ್ಚಿದಳು. ವಿಷಯ ಕೇಳಿ ಅಶೆನಾಫಿಯ ಮುಖ ಬೆಳಗಲಿಲ್ಲ, ಇನ್ನಷ್ಟು ಇಳಿಯಿತು. "ನೀವು ಸುಮ್ನಿರೋದಾ ದೊಡ್ಡಪ್ಪ? ಬೇರೆ ಏನಾದ್ರೂ ಕೇಳಿದ್ದಿದ್ರೆ ಚೆನ್ನಾಗಿತ್ತು. ಹತ್ತು ಹಸು ಕೇಳಿದ್ರೂ ತರಬಹುದಿತ್ತು." ಬೆಲೆಟೆ ಬಾಯಿಗೆ ಟ್ಯೂಬಿನ ಪ್ಯಾಚ್ ಹಾಕಿಸಿಕೋ ಅಂದ. ಮಧ್ಯದ ದಿನಗಳಲ್ಲಿ ಶಿಫೆರಾ ಅಂಗಡಿಯಲ್ಲಿ ಅಭ್ಯಾಸ ಮಾಡಿ ನೋಡಿದ. ಗಿರಾಕಿಗಳು ಕಲ್ಲಿನ ಮೇಲೆ ಕೂತು ಕಾದರು, ಏನೂ ಬರಲಿಲ್ಲವೆಂದು ಎದ್ದು ಹೋದರು. ಸುಮ್ಮನಿರುವವನ ಕಿವಿಗೆ ಎಷ್ಟೊಂದು ಬೀಳುತ್ತದೆಂದು ಅವನಿಗೆ ಆಶ್ಚರ್ಯವಾಯಿತು. ಗಾಳಿ ತುಂಬುವ ಪಂಪು ಇಷ್ಟು ಕೆಟ್ಟದಾಗಿ ಅರಚುತ್ತದೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಭಾನುವಾರ ಕೋಣೆ ತುಂಬ ಜನರಿದ್ದರು. ದೊರ್ಜೆಯವರ ಹಿರಿಯರು, ಹೆಂಗಸರು, ಬಾಗಿಲಲ್ಲಿ ಅಶೆನಾಫಿ, ಒಳಬಾಗಿಲಲ್ಲಿ ಅಮರೆಚ್. ಮೂವರು ನಿಂತರು, ಶಿಫೆರಾ ಎಲ್ಲರಿಗಿಂತ ಮುಂದೆ. ಪಾದ್ರಿ ಕೇಳಿದ: ಹುಡುಗಿಯ ಮೂಳೆ ಯಾರದ್ದು? ಮುದುಕಿ ಎದ್ದು ನಿಂತಳು. ಮೊದಲ ಹೆಸರು ಹೇಳಿ, ಅವನು ಯಾವ ಗುಡ್ಡದವನು, ಯಾರನ್ನು ಮದುವೆಯಾದ, ಏನು ಬಿತ್ತಿದ, ಹೇಗೆ ಸತ್ತ ಎಂದು ಹೇಳುತ್ತಿದ್ದಳೆಂದು ಕಾಣುತ್ತದೆ, ಯಾಕೆಂದರೆ ಹೆಂಗಸರು ನಡುವೆ ನಕ್ಕರು, ನಡುವೆ ನಾಲಿಗೆ ಲೊಚಗುಟ್ಟಿದರು. ಶಿಫೆರಾನಿಗೆ ಒಂದು ಮಾತೂ ತಿಳಿಯಲಿಲ್ಲ. ತಿಳಿಯದಿದ್ದರೂ ಅವಳು ಒಳ್ಳೆಯ ಮಾತುಗಾರ್ತಿ ಎಂಬುದು ತಿಳಿಯಿತು. ಎಲ್ಲಿ ಉಸಿರು ಹಿಡಿಯಬೇಕೆಂದು ಅವಳಿಗೆ ಗೊತ್ತಿತ್ತು. ಒಂದು ಕಡೆ ಇಡೀ ಕೋಣೆ ಹೋ ಎಂದು ನಕ್ಕಿತು, ಎಲ್ಲರೂ ಅವನ ಕಡೆ ನೋಡಿದರು. ಏನೆಂದು ಕೇಳುವ ಮಾತು ಅವನ ನಾಲಿಗೆಯ ತುದಿಗೆ ಬಂತು. ನುಂಗಿದ. ತಾನು ನಗಬೇಕೇ ಬೇಡವೇ ಎಂಬುದೂ ಗೊತ್ತಾಗಲಿಲ್ಲ. ನಗುವೂ ಮಾತಿನ ಲೆಕ್ಕಕ್ಕೆ ಬಂದೀತೆಂದು ತುಟಿ ಬಿಗಿದ. ನಗದೆ ನಿಂತಾಗ ನಗು ಪೂರ್ತಿಯಾಗಿ ಮೈಮೇಲೆ ಬೀಳುತ್ತದೆ. ಬಿದ್ದದ್ದು ಬಿದ್ದ ಹಾಗೆ ಇರಲಿ ಎಂದು ನಿಂತ. ಬೆರಳು ಮಡಿಚಿ ಹೆಸರು ಎಣಿಸುತ್ತಿದ್ದ. ಏಳಾಯಿತು. ಮುದುಕಿ ನಿಲ್ಲಿಸಲಿಲ್ಲ. ಬೆರಳು ಮುಗಿದವು, ಅವಳು ನಿಲ್ಲಿಸಲಿಲ್ಲ, ಅವಳ ದನಿ ಇಳಿಯುತ್ತ, ಹಳಬರ ಹಳಬರ ಹತ್ತಿರ ಹೋಗುತ್ತ ಬರೀ ಹೆಸರುಗಳಾಗಿ, ಕೊನೆಗೊಂದು ಹೆಸರಿನ ಹತ್ತಿರ ನಿಂತಿತು. ಅಲ್ಲಿ ಹಿರಿಯರೆಲ್ಲ ಎದ್ದು ನಿಂತು ಕೂತರು.

"ರಕ್ತ ಕೂಡಿಲ್ಲ" ಎಂದ ಪಾದ್ರಿ, ದನಿ ಸರಿಪಡಿಸಿಕೊಂಡು. "ಕೊಡ್ತೀರಾ?"

ಅಂಜುಲೊ ತಾಯಿಯ ಮುಖ ನೋಡಿದ. ತಾಯಿ ಶಿಫೆರಾನ ಬಾಯಿಯನ್ನು ಒಂದು ಗಳಿಗೆ ನೋಡಿ ತಲೆಯಾಡಿಸಿದಳು.

"ಕೊಟ್ಟಿದ್ದೀವಿ. ಕೂರಿ."

ಹೆಂಗಸರ ಉಲುಲು ಕೇಕೆ ಸೂರು ಹಾರಿಹೋಗುವ ಹಾಗೆ ಎದ್ದಿತು. ಅಶೆನಾಫಿ ಒಳಗೆ ನುಗ್ಗಿ ಅಜ್ಜಿಯ ಮೊಣಕಾಲಿಗೆ ಮುತ್ತಿಟ್ಟ. ಬೆಲೆಟೆ ಉಸ್ಸೆಂದು ಬೆಂಚಿನ ಮೇಲೆ ಕುಸಿದ, ಪಾದ್ರಿಗೆ ಯಾರೋ ಕುರಿಚರ್ಮ ಹಾಸಿದರು. ಎಲ್ಲರೂ ಎಲ್ಲರನ್ನೂ ತಬ್ಬಿಕೊಂಡು ಮಾತಾಡತೊಡಗಿದರು. ಕೋಣೆಯ ನಡುವೆ ಶಿಫೆರಾ ಒಬ್ಬನೇ ನಿಂತಿದ್ದ. ಇನ್ನು ಮಾತಾಡಬಹುದೇ, ಅವನ ಸುಮ್ಮನಿರುವಿಕೆ ಎಲ್ಲಿಗೆ ಮುಗಿಯಿತು, ಕೊನೆಯವರೆಗೂ ಅಂದರೆ ಯಾವ ಕೊನೆ, ಇದನ್ನು ಯಾರೂ ಅವನಿಗೆ ಹೇಳಲಿಲ್ಲ. ಕೇಳಬೇಕೆಂದರೆ ಬಾಯಿ ತೆರೆಯಬೇಕು. ಜಾಗ ಮಾಡಿಕೊಡಲು ಬೆಲೆಟೆ ಬೆಂಚು ತಟ್ಟಿ ಕರೆದ, ಬಾರೋ ಮಾರಾಯ ಅಂದ. ಶಿಫೆರಾ ಮುದುಕಿಯ ಕಡೆ ನೋಡಿದ. ಅವಳು ಮೊಮ್ಮಗಳ ಕೂದಲು ನೇವರಿಸುತ್ತ ಬೇರೆ ಕಡೆ ತಿರುಗಿದ್ದಳು. ಅವಳು ಇತ್ತ ತಿರುಗಲಿ ಎಂದು ನಿಂತೇ ಇದ್ದ.